ಥರ್ಮಾಸಿನಲ್ಲಿ ಮೊಲದ ಸೀರಮ್

ಎಪ್ಪತ್ತರ ದಶಕದ ಕೊನೆಯ ಮಾತು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಮನುಷ್ಯನ ಜೀವಕೋಶಗಳಲ್ಲಿ ಕೈನೇಸ್ ಎಂಬ ಪ್ರೋಟೀನುಗಳ ದೊಡ್ಡ ಬಳಗವಿದೆ; ಅದರಲ್ಲಿ ಒಂದನ್ನು ಗುರುತು ಹಿಡಿಯುವುದು ನಮ್ಮ ಕೆಲಸ. ಅದಕ್ಕೆಂದೇ ಮೈಸೂರಿನಲ್ಲಿ ಒಂದು ಮೊಲಕ್ಕೆ ತಿಂಗಳುಗಟ್ಟಲೆ ಆ ಪ್ರೋಟೀನು ಚುಚ್ಚಿದ್ದರು. ಅದರ ರಕ್ತದಿಂದ ತೆಗೆದ ತಿಳಿ ಸೀರಮ್ಮಿನ ಪುಟ್ಟ ಸೀಸೆಯನ್ನು ಥರ್ಮಾಸಿನಲ್ಲಿ ಐಸಿನ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದ್ದೆ. ಮೊಲ ಸತ್ತಿತ್ತು. ಇನ್ನೊಂದು ಸೀಸೆ ಇರಲಿಲ್ಲ. ಐಸು ಕರಗುವುದರೊಳಗೆ ಬೆಂಗಳೂರು ಮುಟ್ಟಬೇಕಿತ್ತು.

ಮಂಡ್ಯದಲ್ಲಿ ಇಳಿದದ್ದೇ ತಪ್ಪು. ಅಜ್ಜಿಗೆ ಹುಷಾರಿಲ್ಲವೆಂದು ಅಪ್ಪ ಕಾಗದ ಬರೆದಿದ್ದರು. ಅರ್ಧ ಗಂಟೆ ಮುಖ ತೋರಿಸಿ ಹೋಗೋಣವೆಂದು ಅಲ್ಲೇ ಊರಂಚಿನ ಗುತ್ತಲಿನ ನಮ್ಮ ಮನೆಗೆ ಬಂದರೆ, ಅಜ್ಜಿ ಒಲೆಯ ಮುಂದೆ ಗಟ್ಟಿಮುಟ್ಟಾಗಿ ಕೂತು ಕಜ್ಜಾಯ ಬೇಯಿಸುತ್ತಿದ್ದಾಳೆ. ನನ್ನನ್ನು ನೋಡಲು ಮಳವಳ್ಳಿಯಿಂದ ಗಂಡಿನವರು ಬರುವವರಿದ್ದರು. ಕೆಲಸಕ್ಕೆ ಹೋಗುವ ಸೊಸೆ ಅವರಿಗೆ ಬೇಡವಂತೆ.

"ಸಂಜೆ ಬಸ್ಸಿಗೆ ಓಗೀವಂತೆ, ಈಗ ಸೀರೆ ಉಟ್ಕೊ," ಎಂದು ಅಪ್ಪ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡರು.

ಮೂರಾಯಿತು, ನಾಲ್ಕಾಯಿತು, ಗಂಡಿನವರ ಸುಳಿವಿಲ್ಲ. ಒಳಕೋಣೆಯಲ್ಲಿ ಮಲ್ಲಿಗೆ ಮುಡಿದು, ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಲುಗಿಸಿದರೆ ಮೊದಲು ಐಸು ಟಣಟಣ ಎನ್ನುತ್ತಿತ್ತು. ಆಮೇಲಾಮೇಲೆ ಬರೀ ನೀರಿನ ಸದ್ದು.

ಅಜ್ಜಿ ಒಳಗೆ ಬಂದಳು. "ಅದೇನ್ ಮಗ, ಕೂಸ್ ಮಡಿಕ್ಕೊಂಡಂಗೆ ಮಡಿಕ್ಕೊಂಡಿದ್ದೀಯ?"

"ಮೊಲದ ರಕ್ತದ ತಿಳಿ ಕಣಜ್ಜಿ."

"ರಕ್ತ ನೀ ತಂದೆ, ಬಾಡು ಯಾರ್ಗ್ ಕೊಟ್ಟೆ?"

ಅಳು ಬರುವಂತಿದ್ದರೂ ವಿವರಿಸಿದೆ. ಸಾವಿರ ಪ್ರೋಟೀನು ಕಲೆಸಿಟ್ಟರೂ ಇದು ತನ್ನದೊಂದನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಸೆಖೆಯಲ್ಲಿಟ್ಟರೆ ಆ ಗುಣ ಕೆಡಬಹುದು ಎಂದೆ.

ಅಜ್ಜಿ ಗಲ್ಲಕ್ಕೆ ಕೈಯಿಟ್ಟಳು. "ಸಾವ್ರದಾಗೆ ಒಬ್ಬನ್ನೇ ಇಡ್ಕೊತದಾ? ಮೊಲಕ್ಕಿರೋ ಬುದ್ಧಿ ನಿಂಗಿಲ್ವಲ್ಲೇ. ಬಂದೋರ್ನೆಲ್ಲ ಬ್ಯಾಡ ಬ್ಯಾಡ ಅಂತೀಯ."

ತಡೆಯಲಾಗದೆ ಗೊಳ್ಳೆಂದು ನಕ್ಕುಬಿಟ್ಟೆ. ಅದೇ ಹೊತ್ತಿಗೆ ಗಂಡಿನವರು ಜಗಲಿ ಹತ್ತುತ್ತಿದ್ದರು.

ಅಜ್ಜಿ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಕುಡಿಯುವ ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ ಹುಗಿದಳು. "ಇಲ್ಲಿ ತಣ್ಗಿರ್ತದೆ ಬುಡು. ನೀ ನಡಿ."

ಕಾಫಿ ತಟ್ಟೆ ಹಿಡಿದು ಹೋದೆ. ಗಂಡಿನ ತಾಯಿ ಕೇಳಿದ್ದು ಒಂದೇ ಮಾತು: "ಆಗ್ಲೆ ನಕ್ಕಿದ್ದು ನೀನೇನವ್ವ?" ಹೂಂ ಎಂದೆ. ಅವರು ಎದ್ದು ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಅಪ್ಪ ಬಸ್ಸಿಗೆ ಬಿಡಲಿಲ್ಲ.

ಮರುದಿನ ಬೆಂಗಳೂರು ತಲುಪಿ, ಜೆಲ್ಲಿನ ತಟ್ಟೆಯಲ್ಲಿ ಕೊರೆದ ಒಂದು ಕುಳಿಯಲ್ಲಿ ಸೀರಮ್ಮು, ಪಕ್ಕದ ಕುಳಿಯಲ್ಲಿ ಕೈನೇಸು ಹಾಕಿ ಎರಡು ದಿನ ಕಾದೆ. ನಡುವೆ, ಎರಡೂ ಒಂದನ್ನೊಂದು ಹಿಡಿದುಕೊಂಡ ಕಡೆ, ಕೂದಲೆಳೆಯಷ್ಟು ಬಿಳಿ ಗೆರೆ ಮೂಡಿತು. ಸೀರಮ್ ಕೆಟ್ಟಿರಲಿಲ್ಲ. ಜೊತೆಯವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗಲೇ ಅಂಚೆಯವನು ಅಪ್ಪನ ಕಾಗದ ತಂದ.

"ನಿನ್ನ ನಗು ಅವರಿಗೆ ಹಿಡಿಸಿದೆ. ಕೆಲಸ ಬಿಡಲು ಈಗಲೇ ಅರ್ಜಿ ಕೊಡು."