ಗರ್ಬಾ ಹಾಡುವವಳ ಉಸಿರು

ವೇದಿಕೆಯ ಮೇಲೆ ಗಂಟಲು ಕೈಕೊಟ್ಟವರಿಗೆ ಊರೆಲ್ಲ ವೈದ್ಯರೇ. ಅರವತ್ತರ ದಶಕದ ಮಾತು. ಅಹಮದಾಬಾದಿನಿಂದ ವಡೋದರೆಗೆ ವರ್ಗವಾಗಿ ಬಂದ ಹೊಸತರಲ್ಲಿ, ಅಲ್ಲಿನ ಕನ್ನಡಿಗರ ದೀಪಾವಳಿ ಕೂಟದಲ್ಲಿ ನನ್ನ ಏಕಪಾತ್ರಾಭಿನಯ ಅರ್ಧಕ್ಕೇ ನಿಂತಿತು. ದನಿ ಒಡೆದು, ಕೆಮ್ಮು ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು ಇಳಿದೆ. ಪಾಪ ಎಂದು ಜನ ಚಪ್ಪಾಳೆ ತಟ್ಟಿದರು. ಅದಕ್ಕಿಂತ ಯಾರಾದರೂ ಚಪ್ಪಲಿ ಎಸೆದಿದ್ದರೇ ವಾಸಿ ಎನಿಸಿತು.

ಆಮೇಲೆ ಶುರುವಾಯಿತು ಉಪದೇಶ. ಒಬ್ಬರು ಕಲ್ಲುಸಕ್ಕರೆ, ಮೆಣಸು ಎಂದರು. ಇನ್ನೊಬ್ಬರು ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸು ಎಂದರು. ಕೊನೆಯ ಸಾಲಿನ ಗೋಡೆಯನ್ನೇ ನೋಡಿ ಮಾತಾಡು ಎಂದರು ಮತ್ತೊಬ್ಬರು. ಬ್ಯಾಂಕಿನಲ್ಲಿದ್ದ ನನ್ನ ಗಂಡನದು ಎಲ್ಲಕ್ಕಿಂತ ಅಗ್ಗದ ಮದ್ದು. "ಎರಡ ದಿನಾ ಬಾಯಿ ಮುಚ್ಚಿಕೊಂಡಿರು. ಗಂಟಲಾ ತಾನ ನೆಟ್ಟಗಾಗ್ತದ."

"ಅದು ನಿಮಗ ಔಷಧ, ನನಗಲ್ಲ," ಎಂದೆ.

ಮರುವರ್ಷ ಮತ್ತೆ ಅವಕಾಶ ಕೇಳಿದಾಗ ಕೂಟದ ಕಾರ್ಯದರ್ಶಿಗಳು ತಲೆ ಕೆರೆದುಕೊಂಡರು. "ಇದೊಂದ ಸಲ ನೋಡೋಣ್ರಿ. ಹಂಗ ಆತಂದ್ರ ಮುಂದ ಆ ಹೊತ್ತಿಗೆ ಮಕ್ಕಳ ಡಾನ್ಸ್ ಇಡತೀವಿ." ಧಾರವಾಡದ ಕಾಲೇಜಿನಲ್ಲಿ ನಾಟಕವೆಂದರೆ ನನ್ನ ಹೆಸರೇ ಮೊದಲು. ಇಲ್ಲಿ ನಾನು ಬರೀ ಇಂಥವರ ಹೆಂಡತಿ. ವೇದಿಕೆಯೂ ಹೋದರೆ ಉಳಿಯುವುದು ಒಲೆ ಮಾತ್ರ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಓಣಿಯಲ್ಲಿ ಗರ್ಬಾ ಹಾಡಿಸುವವರು ಪಕ್ಕದ ಮನೆಯ ಬೇನ್. ನಾವು ಅಕ್ಕಾ ಎನ್ನುವ ಹಾಗೆ ಅಲ್ಲಿ ಹೆಂಗಸರನ್ನೆಲ್ಲ ಬೇನ್ ಎನ್ನುತ್ತಾರೆ. ಐವತ್ತು ದಾಟಿದ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹೆಂಗಸು. ಮೈಕಿಲ್ಲ, ಮಣ್ಣಿಲ್ಲ. ಒಂಬತ್ತು ದಿನ ಸುತ್ತು ಹಾಕುತ್ತ, ಚಪ್ಪಾಳೆ ತಟ್ಟುತ್ತ ಹಾಡಿದರೂ ದನಿ ಕಂಚಿನಂತೆ ಖಣ ಖಣ. ಹೇಗೆ? ನನಗೆ ತಲೆ ಕೆಟ್ಟುಹೋಯಿತು. ಏನು ತಿನ್ನುತ್ತಾರೋ ನೋಡೋಣವೆಂದು ಕಾಂಪೌಂಡ್ ಗೋಡೆಯಾಚೆ ಇಣುಕಿದೆ. ತಿನ್ನಬಾರದ್ದನ್ನೇ ತಿನ್ನುತ್ತಿದ್ದರು: ಕಡಲೆಹಿಟ್ಟಿನ ಕರಿದ ಗಾಂಠಿಯಾ, ಹಸಿಮೆಣಸಿನಕಾಯಿ, ಮೇಲೆ ತಣ್ಣನೆಯ ಮಜ್ಜಿಗೆ!

ತಡೆಯಲಾಗಲಿಲ್ಲ. ಇಷ್ಟು ಉಸಿರು ಎಲ್ಲಿಂದ ತರುತ್ತೀರಿ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿಯೇಬಿಟ್ಟೆ.

ಆಕೆಗೆ ನಗು. ತಾನೆಲ್ಲಿ ಇಡೀ ಹಾಡು ಹಾಡುತ್ತೇನೆ ಎಂದರು. ಒಂದು ಸಾಲು ತನ್ನದು. ಅದನ್ನೇ ಉಳಿದವರೆಲ್ಲ ತಿರುಗಿ ಹಾಡುವಷ್ಟರಲ್ಲಿ ಉಸಿರು ತಾನಾಗಿ ಬರುತ್ತದಂತೆ. ನಾನು ವೇದಿಕೆಯ ಮೇಲೆ ಒಬ್ಬಳೇ, ನನ್ನ ಸಾಲು ಯಾರು ತಿರುಗಿ ಹೇಳಬೇಕು ಎಂದು ರೇಗಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಅರೇ ಬೇನ್, ಎದುರಿಗೆ ಜನ ಕೂತಿರುವುದಿಲ್ಲವೆ?"

ನನ್ನ ಪಾತ್ರ ಊರೂರು ವರ್ಗವಾಗುವ ನೌಕರನ ಹೆಂಡತಿಯದು. ಒಂದೊಂದು ಊರಿನ ಕಥೆ ಮುಗಿದಾಗಲೂ ಅವಳು "ಮತ್ತ ಗಂಟು ಕಟ್ಟೂದು ಬಂತು!" ಎನ್ನುತ್ತಾಳೆ. ಹಿಂದಿನ ವರ್ಷ ಅಲ್ಲಿ ನಿಲ್ಲದೆ ಮುಂದಿನ ಮಾತಿಗೆ ಓಡಿದ್ದೆ. ಈ ಸಲ ಜನ ನಕ್ಕು ಮುಗಿಸುವವರೆಗೆ ನಿಲ್ಲಬೇಕೆಂದು ಹಿತ್ತಲಲ್ಲಿ ದಿನಾ ಅಭ್ಯಾಸ ಮಾಡಿದೆ. ಗೋಡೆಯಾಚೆ ಬೇನ್ ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಅರ್ಥವೇನೆಂದೂ ಕೇಳಿ ತಿಳಿದುಕೊಂಡರು.

ಕೂಟಕ್ಕೆ ಅವರನ್ನೂ ಕರೆದೊಯ್ದೆ. ಮೊದಲ ಊರು ಮುಗಿಯಿತು. "ಮತ್ತ ಗಂಟು ಕಟ್ಟೂದು ಬಂತು!" ಎಂದು ನಿಂತೆ. ಸಭೆ ಗಪ್‌ಚಿಪ್. ಕಾರ್ಯದರ್ಶಿಗಳ ಮುಖ ಸಣ್ಣದಾಯಿತು. ಮಾತು ಮರೆತಳೆಂದೇ ತಿಳಿದಿರಬೇಕು. ದೇವರೇ, ಕೆಟ್ಟೆ ಎಂದುಕೊಂಡೆ.

ಆಗ ಮೂರನೇ ಸಾಲಿನಿಂದ ಆ ಕಂಚಿನ ದನಿ ಎದ್ದಿತು. ಬೇರೆ ಒಂದು ಮಾತೂ ಕನ್ನಡ ಬಾರದ ಬೇನ್, ನನ್ನ ಸಾಲನ್ನು ರಾಗವಾಗಿ, ಚಪ್ಪಾಳೆ ಸಮೇತ ತಿರುಗಿ ಹೇಳಿಬಿಟ್ಟರು! ಅವರ ರೂಢಿಯೇ ಅದು, ಸಾಲು ಬಂದರೆ ಹಿಂದಿರುಗಿಸಬೇಕು. ಸಭೆ ಗೊಳ್ಳೆಂದು ನಕ್ಕಿತು. ಎರಡನೇ ಊರು ಮುಗಿದಾಗ ಹೆಂಗಸರೆಲ್ಲ ದನಿಗೂಡಿಸಿದರು. ಮೂರನೆಯದಕ್ಕೆ ಇಡೀ ಸಭೆ. ಅಲ್ಲಿ ಗಂಟು ಕಟ್ಟದ ಮನೆ ಯಾವುದಿತ್ತು? ಅವರು ಹೇಳುವಷ್ಟರಲ್ಲಿ ನಾನು ಉಸಿರೆಳೆದುಕೊಳ್ಳುತ್ತ ಕೊನೆಯವರೆಗೂ ಆಡಿದೆ. ಮಕ್ಕಳ ಡಾನ್ಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಎರಡು ವರ್ಷದ ಮೇಲೆ ನಮಗೆ ಸೂರತ್ತಿಗೆ ವರ್ಗವಾಯಿತು. ಟಾಂಗಾ ಬಂದು ನಿಂತಿತ್ತು. ಬೇನ್ ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದರು. ನಗಿಸೋಣವೆಂದು "ಮತ್ತ ಗಂಟು..." ಎಂದೆ. ಗಂಟಲು ಕಟ್ಟಿತು. ಆಕೆ ತುಸು ಕಾದರು. ಆಮೇಲೆ ಚಪ್ಪಾಳೆಯಿಲ್ಲದೆ, ರಾಗವಿಲ್ಲದೆ, ಉಳಿದದ್ದನ್ನು ತಾವೇ ಹೇಳಿದರು: "ಕಟ್ಟೂದು ಬಂತು."