ಒಲೆಯ ಪಕ್ಕದ ಗೋಡೆ ತೊಳೆದ ದಿನ

ಇಲ್ಲಿ ನಗಿಸುವ ಕಥೆಗಳನ್ನೇ ಹಾಕುತ್ತ ಬಂದಿದ್ದೇನೆ. ಸೋಫಾದ ಸಂದಿಯಲ್ಲಿ ಸಿಕ್ಕ ಹಲ್ಲಿನ ಸೆಟ್ಟು, ನಾವು ಬರುವ ಮೊದಲೇ ನಾಚಿಕೊಂಡು ಕಸ ಗುಡಿಸಿಡುವ ಮನೆಯೊಡತಿ. ಇವತ್ತಿನದು ಹಾಗಲ್ಲ. ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ.

ನಾನು, ನನ್ನ ಅಕ್ಕ ಆಪಾ ಇಬ್ಬರೂ ಸೇರಿ ಅಫಜಲಪುರದ ಹೊಸ ಬಡಾವಣೆಗಳಲ್ಲಿ ಮನೆ ಸ್ವಚ್ಛ ಮಾಡುವ ಕೆಲಸ ಹಿಡಿಯುತ್ತೇವೆ. ಆಪಾ ನನಗಿಂತ ಆರು ವರ್ಷ ದೊಡ್ಡವಳು. ಅವತ್ತು ಫೋನ್ ಬಂದದ್ದು ಜೇವರ್ಗಿಯ ಒಬ್ಬ ಹೆಂಗಸಿನಿಂದ. ನಮ್ಮೂರಲ್ಲೇ ಇರುವ ತಮ್ಮ ಅಣ್ಣನ ಹೆಂಡತಿ ತೀರಿಕೊಂಡು ತಿಂಗಳಾಗುತ್ತ ಬಂತು, ನಾಳೆ ಬೀಗರೆಲ್ಲ ಬರುತ್ತಾರೆ, ಮನೆ ಫಳಫಳ ಆಗಬೇಕು ಎಂದು ಹೇಳಿದರು.

ಬಾಗಿಲು ತೆಗೆದ ಆ ಅಣ್ಣನಿಗೆ ಐವತ್ತರ ಆಸುಪಾಸು. ಬೀಜದ ಅಂಗಡಿ ಇಟ್ಟವರು. ಒಂದೇ ಮಾತು ಹೇಳಿದರು: "ಎಲ್ಲಾ ಮಾಡ್ರಿ ಅಕ್ಕೋರ, ಅಡಿಗಿಮನಿ ಒಂದ್ ಬಿಡ್ರಿ."

ಅವರು ಅಂಗಡಿಗೆ ಹೋದ ಮೇಲೆ ಅವರ ತಂಗಿಗೆ ಫೋನ್ ಮಾಡಿ ಕೇಳಿದೆ.

"ಅವಾ ಹಂಗೇ ಅಂತಾನ್ರಿ. ನಾಳೆ ಅಲ್ಲೇ ಅಡಿಗಿ ಆಗ್ಬೇಕು. ಮೊದ್ಲ ಅದನ್ನೇ ತೊಳೀರಿ."

ಕೆಲಸ ಹೇಳಿದವರ ಮಾತೇ ಕೊನೆ ಮಾತು, ಅದು ನಮ್ಮ ದಸ್ತೂರು. ಅಡುಗೆಮನೆಗೆ ಹೊಕ್ಕೆ.

ಒಲೆಯ ಪಕ್ಕದ ಗೋಡೆಗೆ ಜೋಳದ ಹಿಟ್ಟು ಪದರು ಪದರಾಗಿ ಒಣಗಿ ಅಂಟಿತ್ತು. ರೊಟ್ಟಿ ಬಡಿಯುವಾಗ ಯಾರಾದರೂ ಕರೆದರೆ ನಾವೂ ಹೀಗೇ ಗೋಡೆಗೆ ಕೈ ಒರೆಸಿ ಹೋಗುತ್ತೇವೆ. ಮೇಲಿನ ಪದರಿನಲ್ಲಿ ನಾಲ್ಕು ಬೆರಳು ಸ್ಪಷ್ಟವಾಗಿ ಮೂಡಿದ್ದವು.

ಆಪಾ ನನ್ನ ಕೈ ಹಿಡಿದಳು. "ಇರ್ಲಿ ಬಿಡ್ ಬೇ. ಆಕಿ ಕೈ ಅದು."

"ಆಕಿ ಕೈ ಅಲ್ಲ ಆಪಾ, ಜಿರಳಿ ಊಟ. ನಾಳೆ ಬೀಗರು ನೋಡಿ ನಮಗೇ ಉಗುಳ್ತಾರ."

"ಮೊದ್ಲ ನಿನ್ನ ಬಾಯಿಗಿ ಬ್ರಶ್ ಹಾಕ್ಬೇಕು ನೋಡ್."

ನಕ್ಕೆ. ಸೋಡಾ ನೀರು ಹಚ್ಚಿ ನೆನೆಸಿ, ಚಾಕುವಿನ ಬೆನ್ನಿನಿಂದ ಕೆರೆದೆ. ಚಕ್ಕೆ ಚಕ್ಕೆಯಾಗಿ ಬಕೆಟ್ ನೀರಿಗೆ ಉದುರಿತು. ಗೋಡೆ ಹೊಳೆದಾಗ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ನೀರು ಕುಡಿಯಲು ಅಂಗಡಿಯಿಂದ ಬಂದ ಅಣ್ಣ ಆ ಗೋಡೆಯ ಮುಂದೆ ನಿಂತುಬಿಟ್ಟರು. ಅಂಗೈ ಇಟ್ಟು ನೋಡಿದರು. ಇನ್ನೂ ಹಸಿ ಇತ್ತು.

"ಅಂಗಡಿಗಿ ಹೊಂಟಾಗ ದಿನಾ ನಾನೇ ಕರೀತಿದ್ದೆ," ಅಂದರು. "ಇಲ್ಲೇ ಕೈ ಒರಸಿ ಬರ್ತಿದ್ಳು." ಗೋಡೆಯಿಂದ ಕೈ ತೆಗೆದು, "ಆ ನೀರ ಎಲ್ಲಿ ಚೆಲ್ಲಿದ್ರಿ ಅಕ್ಕೋರ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿತ್ತಲಿನ ಚರಂಡಿ ತೋರಿಸಿದೆ. ಅವರು ಅದರ ಅಂಚಿಗೆ ಕುಕ್ಕರಗಾಲಲ್ಲಿ ಕೂತರು. ಕಲ್ಲಿಗೆ ಒಂದೆರಡು ಬಿಳಿ ಚೂರು ಅಂಟಿದ್ದವು. ಒಂದನ್ನು ಉಗುರಿನಿಂದ ಎಬ್ಬಿಸಿದರು. ಬೆರಳ ತುದಿಯಲ್ಲೇ ಅದು ಗಂಜಿಯಾಗಿ ಹರಿದುಹೋಯಿತು.

ಆಪಾ ಹೋಗಿ ಪಕ್ಕದಲ್ಲಿ ಕೂತಳು. ನನಗೆ ಹೋಗಲಾಗಲಿಲ್ಲ. ಖಾಲಿ ಬಕೆಟ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.