ಗದ್ದುಗೆ ಮಗ್ಗುಲ ತಪಸಿ ಮರ

ಹೆತ್ತ ಮಗಳನ್ನು ಬಿಸಿಲಲ್ಲಿ ಕೂರಿಸಿ ಬಂದ ತಾಯಿಗೆ ನಿದ್ದೆ ಹೇಗೆ ಬರಬೇಕು, ನೀವೇ ಹೇಳಿ? ತಿಗನಾರೆಯ ಗುರುಲಿಂಗಮ್ಮನಿಗೆ ಬರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಮಗಳು ಮಂಗಳಗೌರಿ ಕಾಮಾಲೆಯಲ್ಲಿ ಹೋಗಿಬಿಟ್ಟಳು. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿಯೇ ಹೊಲದಲ್ಲಿ ಮಣ್ಣು ಮಾಡಿ, ಮೇಲೆ ಗದ್ದುಗೆ ಕಟ್ಟುತ್ತಾರೆ. ಎಲ್ಲ ಕ್ರಮವಾಗಿಯೇ ನಡೆಯಿತು. ಆದರೆ ಆ ಹೊಲದಲ್ಲಿ ಹಿಡಿ ನೆರಳಿಲ್ಲ. ಗೌರಿಗೋ ಬಿಸಿಲು ತಾಕಿದರೆ ತಲೆನೋವು. ರಾಗಿ ಕೊಯ್ಲಿಗೂ ಕೊಡೆ ಹಿಡಿದು ಬರುತ್ತಿದ್ದಳು, ಊರೆಲ್ಲ ಆಡಿಕೊಂಡು ನಗುತ್ತಿತ್ತು.

ಅತ್ತೆ ಚನ್ನಮಲ್ಲಮ್ಮ ಬಿಲ್ವದ ಗಿಡ ನೆಡು ಎಂದರು.

“ಅದು ನೆಳ್ಳು ಕೊಡೊ ಒತ್ಗ ನಾನೇ ಮಣ್ಣಾಗೋಗಿರ್ತೀನಿ ಕಣತ್ತೆ,” ಎಂದಳು ಗುರುಲಿಂಗಮ್ಮ.

ಹಟ ಅಂದರೆ ಹಟ. ಹಾಸನೂರು ರಸ್ತೆಯ ನರ್ಸರಿಗೆ ಬಸ್ಸು ಹತ್ತಿ ಹೋಗಿ, ಎಲ್ಲಕ್ಕಿಂತ ಬೇಗ ಬೆಳೆಯುವ ಮರ ಯಾವುದು ಎಂದು ಕೇಳಿದಳು. ನರ್ಸರಿಯವನು ತಪಸಿಯ ಹೊಸ ತಳಿ ತೋರಿಸಿದ. ಕಾಡಿನ ತಪಸಿಯಂತಲ್ಲ, ಕಣ್ಣೆದುರೇ ಎದ್ದು ನಿಲ್ಲುತ್ತೆ, ಕಟ್ಟಡದಿಂದ ಮಾತ್ರ ದೂರ ನೆಡಿ ಎಂದ. ಅಯ್ಯೋ, ಗದ್ದುಗೆಯೂ ಒಂದು ಕಟ್ಟಡ ಎಂದು ಅವಳಿಗೆ ಹೊಳೆಯಬೇಕಲ್ಲ! ಅವಳ ಪಾಲಿಗೆ ಅದು ಮಗಳು ಕೂತ ಜಾಗ. ಮಗ್ಗುಲಲ್ಲೇ ಗುಂಡಿ ತೋಡಿ ನೆಟ್ಟಳು.

ಮರ ಮಾತು ಉಳಿಸಿಕೊಂಡಿತು. ಹಂದಿ ಬರದಂತೆ ಮುಳ್ಳು ಕಟ್ಟಿ, ಬಿಂದಿಗೆ ಹೊತ್ತು ನೀರು ಹೊಯ್ದಳು. ಮೂರನೆಯ ಬೇಸಿಗೆಗೆ ಗದ್ದುಗೆ ತುಂಬ ನೆರಳು. ಬುತ್ತಿ ಬಿಚ್ಚಿ ಅಲ್ಲೇ ಕೂತು ಮರದೊಂದಿಗೆ ಹರಟುವಳು. ದಾರಿಹೋಕರನ್ನು ಕರೆದು, “ನಮ್ ಗೌರಿ ನೋಡಿ, ಎಂಗ್ ಬೆಳ್ದವ್ಳ!” ಎನ್ನುವಳು. ಗಂಡ ವೃಷಭೇಂದ್ರ ಅದನ್ನು ಕೇಳಲಾಗದೆ ಎದ್ದು ಹೋಗುತ್ತಿದ್ದ.

ಕಳೆದ ಮಳೆಗಾಲ ಅಮಾವಾಸ್ಯೆ ಪೂಜೆಗೆ ಗುಡಿಸುವಾಗ ಗದ್ದುಗೆಯಲ್ಲಿ ಬಿರುಕು ಕಂಡಿತು. ಮುಂದಿನ ಅಮಾವಾಸ್ಯೆಗೆ ಅದರಲ್ಲಿ ಕೈ ತೂರುತ್ತಿತ್ತು. ಚಪ್ಪಡಿ ಎದ್ದಿತ್ತು, ಮಳೆನೀರು ಒಳಗಿಳಿದು ಮಣ್ಣು ಜಗ್ಗಿತ್ತು.

“ಬೇರು ಒಳಕ್ಕ ಓಗದ ಕಣಮ್ಮಿ,” ಎಂದ ವೃಷಭೇಂದ್ರ. “ಮರ ಕಡೀದೆ ಇದ್ರ ಗೌರಿ ಕೂತಿರ ಜಾಗ್ವೇ ಕುಸುದೋಯ್ತದ.”

ಗುರುಲಿಂಗಮ್ಮ ಬಿರುಕಿನೊಳಗೆ ಇಣುಕಿದಳು. ಕತ್ತಲೆಯಲ್ಲಿ ಬಿಳಿಯ ಬೇರು. ಮಗಳನ್ನು ಕಾಯಲೆಂದು ತಾನೇ ನೀರೆರೆದು ಕಳಿಸಿದ ಬೇರು. ಎದೆ ಬಡಿದುಕೊಂಡು ಅತ್ತಳು. ಗಂಡನಿಗೆ ಕೊಡಲಿ ಎತ್ತಲು ಕೈ ಬರಲಿಲ್ಲ. ಕಿತ್ತುಕೊಂಡು ಮೊದಲ ಏಟು ತಾನೇ ಹಾಕಿದಳು.

ಗದ್ದುಗೆಗೆ ಹೊಸದಾಗಿ ಗಾರೆ ಮಾಡಿಸಿದರು. ಮತ್ತೆ ಅದೇ ಸುಡುಬಿಸಿಲು. ಅದನ್ನಾದರೂ ಹೇಗೋ ಸಹಿಸುತ್ತಿದ್ದಳೇನೋ. ಆದರೆ ಬೇಗ ಬೆಳೆಯುವ ಜಾತಿಯಲ್ಲವೇ, ಬೊಡ್ಡೆ ಹೋದರೂ ಒಳಗಿನ ಬೇರು ಸಾಯಲಿಲ್ಲ. ತಿಂಗಳೊಳಗೆ ಗಾರೆ ಸೀಳಿಕೊಂಡು ಗದ್ದುಗೆಯ ನಡುವಿನಿಂದಲೇ ಕುಡಿ ಎದ್ದಿತು. ಚಿವುಟಿದರೆ ಪಕ್ಕದಲ್ಲಿ ಇನ್ನೆರಡು.

“ಬೇರ್ಗ ಔಷ್ದಿ ಉಯ್ಯವ,” ಎಂದ ಗಂಡ.

“ಗೌರಿ ಕೂತಿರ ತಾವ ವಿಷ ಉಯ್ದೀರಾ?” ಎಂದಳು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಅಲ್ಲಿಂದ ಅವಳ ಬದುಕೇ ಇದು. ಬೆಳಗಾದರೆ ಹೊಲಕ್ಕೆ ಹೋಗಿ, ಗದ್ದುಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗಳಿರುವ ಕಡೆಯಿಂದ ಮೇಲೆದ್ದು ಬಂದ ಎಳೆಯ ಕುಡಿಗಳನ್ನು ಚಿವುಟುತ್ತಾಳೆ. ನಿನ್ನೆಯೂ ಚಿವುಟಿದಳು. ಉಗುರಿಗೆ ಹಸಿರು ಮೆತ್ತಿತ್ತು. ಗಾರೆಯ ಮೇಲೆ ಅಂಗೈಯೂರಿ ಬಾಗಿ ಹೇಳಿದಳು:

“ಸಾಕು ಬುಡವ್ವ. ಬರಬ್ಯಾಡ ಕಣ ಮಗ, ಬರಬ್ಯಾಡ.”